ಶನಿವಾರ ರಾತ್ರಿ ಮನೆಮಂದಿಯೆಲ್ಲ ಕೂತು ನೋಡಲು ಯಾವ ಸಿನಿಮಾ?

ಪ್ರಶ್ನೆ: ನಮ್ಮದು ಸಾಗರ. ಮನೆಯಲ್ಲಿ ಐದು ಜನ. ಮಾವನವರಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಅತ್ತೆಗೆ ಹೊಡೆದಾಟ, ರಕ್ತ ಕಂಡರೆ ಆಗುವುದಿಲ್ಲ. ನಮ್ಮ ಯಜಮಾನರಿಗೆ ಥ್ರಿಲ್ಲರ್ ಆದರೆ ಮಾತ್ರ ಸಿನಿಮಾ. ಮಗಳು ಎಂಟನೇ ಕ್ಲಾಸು. ಕಪ್ಪು-ಬಿಳುಪು ಎಂದರೆ ಎದ್ದೇ ಹೋಗುತ್ತಾಳೆ. ಹೊಸ ಟಿ.ವಿ. ತಂದಿದ್ದೇವೆ. ಆದರೆ ಶನಿವಾರ ರಾತ್ರಿ ಏನು ಹಾಕುವುದು ಎಂದು ಹುಡುಕುವುದರಲ್ಲೇ ಹೊತ್ತಾಗಿ, ಕೊನೆಗೆ ಎಲ್ಲರೂ ಅವರವರ ಮೊಬೈಲ್ ಹಿಡಿದು ಕೂರುತ್ತಾರೆ. ಒಮ್ಮೆ ಪ್ರಶಸ್ತಿ ಬಂದ ಸಿನಿಮಾ ಹಾಕಿದೆ, ಅರ್ಧಕ್ಕೆ ಎಲ್ಲರಿಗೂ ನಿದ್ದೆ. ನಿಮಗೆ ಇಷ್ಟವಾದ, ಎಲ್ಲರೂ ಕೂತು ನೋಡುವಂಥ ಕನ್ನಡ ಸಿನಿಮಾಗಳನ್ನು ಹೇಳುತ್ತೀರಾ?

ಉತ್ತರ: ಈ ಶನಿವಾರಕ್ಕೆ ‘ಬೆಳದಿಂಗಳ ಬಾಲೆ’ ಹಾಕಿ. 1995ರ ಚಿತ್ರ, ಸುನೀಲ್ ಕುಮಾರ್ ದೇಸಾಯಿ ನಿರ್ದೇಶನದ್ದು. ಹಾಕಲಾ ಎಂದು ಯಾರನ್ನೂ ಕೇಳಬೇಡಿ. ಐದು ಜನರನ್ನು ಕೇಳಿದರೆ ಐದು ಅಭಿಪ್ರಾಯ ಬರುತ್ತದೆ, ಊಟವಾದ ಮೇಲಿನ ಒಳ್ಳೆಯ ಹೊತ್ತೆಲ್ಲ ರಿಮೋಟ್ ಒತ್ತುವುದರಲ್ಲೇ ಹೋಗುತ್ತದೆ. ಯಾವ ಸಿನಿಮಾ ಎಂಬುದನ್ನು ಒಬ್ಬರು ಬುಧವಾರ, ಗುರುವಾರದ ಹೊತ್ತಿಗೇ ತೀರ್ಮಾನಿಸಿ, ಅದು ಎಲ್ಲಿ ಸಿಗುತ್ತದೆಂದು ಹುಡುಕಿಟ್ಟುಕೊಳ್ಳಲಿ. ಮುಂದಿನ ವಾರ ಆಯ್ಕೆ ಇನ್ನೊಬ್ಬರದು. ಮಗಳಿಗೂ ಸರದಿ ಕೊಡಿ; ಅವಳು ಆರಿಸಿದ್ದನ್ನು ನೀವೆಲ್ಲ ಕೂತು ನೋಡಿದರೆ, ನೀವು ಆರಿಸಿದ್ದಕ್ಕೆ ಅವಳೂ ಕೂರುತ್ತಾಳೆ.

‘ಬೆಳದಿಂಗಳ ಬಾಲೆ’ಯೇ ಏಕೆ ಎಂದರೆ, ನಿಮ್ಮ ಮನೆಯ ಐವರಿಗೂ ಅದರಲ್ಲಿ ಒಂದೊಂದು ಹಿಡಿ ಸಿಗುತ್ತದೆ. ಕಥೆ ಸರಳ. ರೇವಂತ್ ಚೆಸ್ ಗ್ರ್ಯಾಂಡ್‌ಮಾಸ್ಟರ್. ಅವನಿಗೆ ಅಪರಿಚಿತ ಹುಡುಗಿಯೊಬ್ಬಳ ಫೋನ್ ಬರುತ್ತದೆ. ಹೆಸರು ಹೇಳುವುದಿಲ್ಲ, ನಂಬರ್ ಕೊಡುವುದಿಲ್ಲ. ಒಗಟು, ಲೆಕ್ಕ, ಸುಳಿವು ಕೊಡುತ್ತಾಳೆ. ಅವನೇ ಬುದ್ಧಿ ಓಡಿಸಿ ಕಂಡುಹಿಡಿಯಬೇಕು. ರೇವಂತ್ ಆಗಿ ಅನಂತ್ ನಾಗ್. ಹುಡುಗಿಯಾಗಿ ಸುಮನ್ ನಗರ್‌ಕರ್, ಅವರು ಚಿತ್ರದಲ್ಲಿ ಇರುವುದು ಹೆಚ್ಚಾಗಿ ದನಿಯಾಗಿಯೇ. ಹೊಡೆದಾಟವಿಲ್ಲದ ಪತ್ತೇದಾರಿ ಇದು. ನಿಮ್ಮ ಯಜಮಾನರು ಸುಳಿವಿನ ಹಿಂದೆ ಬೀಳುತ್ತಾರೆ. ಅತ್ತೆಯವರಿಗೆ ರಕ್ತದ ಭಯವಿಲ್ಲ. ಕಥೆ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯದು, ಯಂಡಮೂರಿ ಕನ್ನಡದಲ್ಲೂ ಬಹಳ ಓದಿಸಿಕೊಂಡವರು, ಅತ್ತೆಯವರಿಗೆ ಆ ಹೆಸರು ಪರಿಚಯವೇ ಇರಬಹುದು. ಮಗಳಿಗಂತೂ ಲ್ಯಾಂಡ್‌ಲೈನ್ ಕಾಲವನ್ನು ನೀವು ವಿವರಿಸಬೇಕಾಗುತ್ತದೆ: ಫೋನ್ ಬಂದರೆ ಯಾರದೆಂದು ಗೊತ್ತಾಗುತ್ತಿರಲಿಲ್ಲ, ಮನೆಯಲ್ಲಿ ಇಲ್ಲದಿದ್ದರೆ ಕರೆ ತಪ್ಪಿಹೋಯಿತು, ಅಷ್ಟೆ. ಆ ಒಂದು ಮಾತು ಹೇಳಿಬಿಟ್ಟರೆ ಸಾಕು, ಅವಳು ಒಗಟಿನ ಒಳಗೆ ಇಳಿಯುತ್ತಾಳೆ.

ನೋಡುವಾಗ ಒಂದನ್ನು ಗಮನಿಸಿ. ಚಿತ್ರದ ಎಷ್ಟೋ ಹೊತ್ತು ತೆರೆಯ ಮೇಲೆ ಇರುವುದು ಫೋನನ್ನು ಕಿವಿಗಿಟ್ಟುಕೊಂಡ ಒಂದು ಮುಖ. ಎದುರಿಗೆ ಇನ್ನೊಬ್ಬ ನಟಿಯಿಲ್ಲ. ಆ ಕಡೆಯ ಮಾತು ಮುಗಿಯುವ ಮುಂಚೆಯೇ ಅನಂತ್ ನಾಗ್ ಕಣ್ಣಂಚಿನಲ್ಲಿ ನಗು ಹೊರಟಿರುತ್ತದೆ, ಅವಳು ಮಾತು ನಿಲ್ಲಿಸಿದಾಗ ಅದೇ ಮುಖ ಸಣ್ಣಗೆ ಕಂಗಾಲಾಗುತ್ತದೆ. ಕೇಳಿಸಿಕೊಳ್ಳುವುದನ್ನೇ ಇಷ್ಟು ಚೆನ್ನಾಗಿ ಅಭಿನಯಿಸಿದವರು ನಮ್ಮಲ್ಲಿ ಕಡಿಮೆ.

ನನ್ನ ಆಯ್ಕೆಯ ಮೂಲ ಇರುವುದೂ ಇಲ್ಲೇ. ಥಿಯೇಟರಿನಲ್ಲಿ ಗೆದ್ದದ್ದೆಲ್ಲ ಮನೆಯಲ್ಲಿ ಗೆಲ್ಲುವುದಿಲ್ಲ. ದೊಡ್ಡ ಪರದೆ, ಎದೆ ನಡುಗಿಸುವ ಸದ್ದು, ಜೊತೆಗೆ ಶಿಳ್ಳೆ ಹಾಕುವ ಐನೂರು ಜನ; ಇದನ್ನೆಲ್ಲ ನಂಬಿ ಕಟ್ಟಿದ ಚಿತ್ರವನ್ನು ಹಾಲ್‌ನಲ್ಲಿ, ಪಕ್ಕದ ಮನೆಯವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ನೋಡಿದರೆ ಅದಕ್ಕೂ ಅನ್ಯಾಯ, ನಿಮಗೂ ಬೇಸರ. ಮನೆಯಲ್ಲಿ ನಿಲ್ಲುವುದು ಮುಖ ಮತ್ತು ಮಾತನ್ನು ನಂಬಿದ ಸಿನಿಮಾ. ಅಂಥವು ಕನ್ನಡದಲ್ಲಿ ಧಾರಾಳವಾಗಿವೆ, ಅವುಗಳಲ್ಲಿ ಎಷ್ಟೋ ಒಬ್ಬನೇ ನಟನ ಸುತ್ತ ಇವೆ. ಆದ್ದರಿಂದ ನನ್ನ ಸಲಹೆ, ಮೊದಲ ಕೆಲವು ವಾರ ಅನಂತ್ ನಾಗ್ ಅವರ ಹಿಂದೆಯೇ ಹೋಗಿ. ಶಿರಾಲಿಯಲ್ಲಿ ಹುಟ್ಟಿ, ಮುಂಬೈ ರಂಗಭೂಮಿಯಲ್ಲಿ ಪಳಗಿ, 1973ರಲ್ಲಿ ‘ಸಂಕಲ್ಪ’ದಿಂದ ಸಿನಿಮಾಕ್ಕೆ ಬಂದವರು; 2025ರಲ್ಲಿ ಪದ್ಮಭೂಷಣ ಬಂತು. ನಿಮ್ಮ ಮಾವನವರ ಯೌವನದಿಂದ ಮಗಳ ಶಾಲಾದಿನದವರೆಗೆ ಚಾಚಿಕೊಂಡ ನಟ. ಮೂರು ತಲೆಮಾರು ಒಂದೇ ಸೋಫಾದಲ್ಲಿ ಕೂರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಎರಡನೆಯ ವಾರಕ್ಕೆ ‘ಗಣೇಶನ ಮದುವೆ’. 1990ರದು, ಫಣಿ ರಾಮಚಂದ್ರ ನಿರ್ದೇಶನ. ವಠಾರದ ಮನೆಗಳು, ಮಾಲೀಕ ಮುಖ್ಯಮಂತ್ರಿ ಚಂದ್ರು, ಬಾಡಿಗೆದಾರ ಅನಂತ್ ನಾಗ್, ಅವರೊಂದಿಗೆ ಸದಾ ಜಗಳಕ್ಕೆ ನಿಲ್ಲುವ ಹುಡುಗಿಯಾಗಿ ವಿನಯಾ ಪ್ರಸಾದ್. ಎದುರಾದರೆ ಕಚ್ಚಾಡುವ ಇಬ್ಬರೂ ಬೇರೆ ಹೆಸರಿನಲ್ಲಿ, ಒಬ್ಬರಿಗೊಬ್ಬರು ಯಾರೆಂದು ತಿಳಿಯದೆಯೇ ಪತ್ರದಲ್ಲಿ ಒಲಿಯುತ್ತಾರೆ; ಅವನು ಸೋತಿರುವುದು ಅವಳ ಹಾಡಿಗೆ. ಹಿಂದಿನ ವಾರ ‘ಬೆಳದಿಂಗಳ ಬಾಲೆ’ ನೋಡಿದ್ದರೆ ಇಲ್ಲೊಂದು ಸ್ವಾರಸ್ಯ ಹೊಳೆಯುತ್ತದೆ: ಎರಡರಲ್ಲೂ ಅದೇ ನಟ ಕಣ್ಣಿಗೆ ಬೀಳದ ಹೆಣ್ಣಿನ ದನಿಗೆ ಮನಸೋಲುತ್ತಾರೆ. ಒಂದರಲ್ಲಿ ಅದು ನಗುವಾಗುತ್ತದೆ, ಇನ್ನೊಂದರಲ್ಲಿ ಗಂಟಲು ಕಟ್ಟುತ್ತದೆ. ಅತ್ತೆಯವರು ಇದನ್ನು ಮೊದಲೇ ನೋಡಿರುತ್ತಾರೆ, ಮುಂದಿನ ಮಾತನ್ನು ಅವರೇ ಹೇಳಿಬಿಡುತ್ತಾರೆ. ಹೇಳಲಿ ಬಿಡಿ. ನೋಡಿದ್ದನ್ನೇ ಮತ್ತೆ ನೋಡುವ ಸುಖ ಮನೆಯಲ್ಲಿ ಮಾತ್ರ ಸಿಗುವಂಥದ್ದು.

ನಗಬೇಕು, ಆದರೆ ನಕ್ಕ ಮೇಲೆ ಸ್ವಲ್ಪ ಕುಟುಕಬೇಕು ಎಂದಾದರೆ ಅದೇ 1990ರ ‘ಉದ್ಭವ’. ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೋಡ್ಲು ರಾಮಕೃಷ್ಣ ನಿರ್ದೇಶನ. ರಸ್ತೆ ಅಗಲ ಮಾಡುವ ಯೋಜನೆಯ ನಡುವೆ ಒಂದು ಗಣಪತಿ ‘ಉದ್ಭವ’ವಾಗುತ್ತದೆ, ಅದರ ಹಿಂದೆ ಅನಂತ್ ನಾಗ್ ಮಾಡಿದ ಪಾತ್ರದ ಕೈವಾಡ. ಮುಂದೆ ಭಕ್ತಿ, ದುಡ್ಡು, ರಾಜಕೀಯ ಎಲ್ಲ ಸೇರಿಕೊಳ್ಳುತ್ತವೆ. ಇವತ್ತು ಮಾಡಿದ ಸಿನಿಮಾ ಎನ್ನುವಷ್ಟು ತಾಜಾ ಆಗಿದೆ.

ಆಮೇಲೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016, ಹೇಮಂತ್ ರಾವ್ ಅವರ ಮೊದಲ ಚಿತ್ರ. ಮರೆವಿನ ಕಾಯಿಲೆ ಬಂದ ವೆಂಕೋಬ ರಾವ್ (ಅನಂತ್ ನಾಗ್) ಕಳೆದುಹೋಗುತ್ತಾರೆ. ಅಪ್ಪನಿಂದ ದೂರವೇ ಉಳಿದಿದ್ದ ಮಗ (ರಕ್ಷಿತ್ ಶೆಟ್ಟಿ) ಹುಡುಕಿಕೊಂಡು ಹೊರಡುತ್ತಾನೆ. ಜೊತೆಗೊಂದು ಅಪರಾಧದ ಎಳೆಯೂ ಇದೆ, ಯಜಮಾನರಿಗೆ ಅದು ಸಾಕು. ಒಂದೆರಡು ಕಡೆ ಹಿಂಸೆಯಿದೆ ಎಂದು ಅತ್ತೆಗೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಹಿರಿಯರಿಗೆ ಮರೆವು ಶುರುವಾಗಿದ್ದರೆ ಈ ಚಿತ್ರ ಹಾಕುವ ಮುನ್ನ ಯೋಚಿಸಿ. ಕೆಲವರಿಗೆ ಅದು ಹಗುರ ಮಾಡುತ್ತದೆ, ಕೆಲವರಿಗೆ ಭಾರವಾಗುತ್ತದೆ, ಅದನ್ನು ನೀವೇ ಬಲ್ಲಿರಿ. ಚಿತ್ರದಲ್ಲಿ ನನಗೆ ಬಹಳ ಇಷ್ಟವಾಗುವುದು ವೆಂಕೋಬ ರಾವ್ ತನ್ನ ಹೆಂಡತಿಯ ಬಗ್ಗೆ ಮಾತಾಡುವ ಹೊತ್ತು. ನಿನ್ನೆಯದು ನೆನಪಿಲ್ಲದ ಮನುಷ್ಯನಿಗೆ ಆ ಹಳೆಯ ಭೇಟಿಯ ಒಂದೊಂದು ವಿವರವೂ ಕಣ್ಣಮುಂದಿದೆ. ಇಲ್ಲಿ ಅನಂತ್ ನಾಗ್ ದನಿ ಏರುವುದೇ ಇಲ್ಲ, ಅಳುವುದಿಲ್ಲ.

ಮಗಳ ಸರದಿ ಬಂದಾಗ ಅವಳಿಗೆ ಏನೂ ಹೊಳೆಯದಿದ್ದರೆ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಸೂಚಿಸಿ. 2018ರದು, ರಿಷಬ್ ಶೆಟ್ಟಿ ನಿರ್ದೇಶನ, ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿನಾಡಿನ ಕನ್ನಡ ಶಾಲೆಯನ್ನು ಮುಚ್ಚುವ ಹುನ್ನಾರದ ವಿರುದ್ಧ ಮಕ್ಕಳು ನಿಲ್ಲುತ್ತಾರೆ. ಅನಂತ್ ನಾಗ್ ಇದರಲ್ಲೂ ಇದ್ದಾರೆ, ಬರುವುದು ಮಾತ್ರ ತಡವಾಗಿ. ಮೊದಲರ್ಧದ ಶಾಲೆಯ ತುಂಟಾಟ ನನಗೆ ಕೊನೆಯ ಭಾಷಣಕ್ಕಿಂತ ಹೆಚ್ಚು ಹಿಡಿಸಿತು.

ಅವಳಿಗೆಂದೇ ಇನ್ನೂ ಒಂದು ಹೇಳಲೇಬೇಕು, ಅದು ‘ಬೆಟ್ಟದ ಹೂವು’. 1985, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುನೀತ್ ರಾಜ್‌ಕುಮಾರ್‌ಗೆ ಬಾಲನಟರಾಗಿ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಪುನೀತ್ ಎಂದರೆ ಡ್ಯಾನ್ಸ್, ಫೈಟ್, ಆ ನಗು ಎಂದಷ್ಟೇ ತಿಳಿದಿರುವ ಮಕ್ಕಳು ಇದನ್ನು ನೋಡಬೇಕು. ಬಡವರ ಮನೆಯ ರಾಮುವಿಗೆ ಒಂದು ಪುಸ್ತಕ ಕೊಳ್ಳುವ ಆಸೆ. ಯಾವ ಪುಸ್ತಕ? ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಅದಕ್ಕೆ ಬೇಕಾದ ಹಣ ಹತ್ತು ರೂಪಾಯಿ. ಬೆಟ್ಟ ಹತ್ತಿ ಆರ್ಕಿಡ್ ಹೂಗಳನ್ನು ಹುಡುಕಿ ತಂದು, ಅವುಗಳ ಅಭ್ಯಾಸಕ್ಕೆ ಬಂದಿರುವ ವಿದೇಶಿ ಮಹಿಳೆಗೆ ಮಾರಿ, ಒಂದೊಂದೇ ಕಾಸು ಕೂಡಿಡುತ್ತಾನೆ. ಕೊನೆಗೆ ಆ ಹಣ ಏನಾಯಿತೆಂದು ನಾನು ಹೇಳುವುದಿಲ್ಲ. ಮಲೆನಾಡಿನ ಚಳಿಯಲ್ಲಿ ಬೆಳೆದ ನಿಮ್ಮ ಮನೆಯವರಿಗೆ ಅವನು ಮಾಡುವ ನಿರ್ಧಾರದ ಬೆಲೆ ಬೇಗ ತಿಳಿಯುತ್ತದೆ. ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಕಥೆಯಿಂದ ಬಂದ ಚಿತ್ರವೆಂದು ಗೊತ್ತಿಲ್ಲದವರಿಗೆ ಇದು ಇಲ್ಲೇ ಹುಟ್ಟಿದ್ದು ಎನ್ನಿಸುವಷ್ಟು ನಮ್ಮದಾಗಿದೆ.

ಹುಡುಗಿ ಹೈಸ್ಕೂಲಿನ ವಯಸ್ಸಿನವಳು, ಕನ್ನಡಿ ಮುಂದೆ ನಿಲ್ಲುವ ಕಾಲ. ಅದಕ್ಕೆ ‘ಒಂದು ಮೊಟ್ಟೆಯ ಕಥೆ’ಯೂ (2017) ಇರಲಿ. ಮಂಗಳೂರಿನ ಕನ್ನಡ ಉಪನ್ಯಾಸಕ, ತಲೆ ಬೋಳು, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ರಾಜ್ ಬಿ. ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದಾರೆ. ನಗಿಸುತ್ತಲೇ, ನಾವು ನಗುತ್ತಿರುವುದು ಯಾರನ್ನು ನೋಡಿ ಎಂದು ಕೇಳುತ್ತದೆ.

ಇನ್ನು ಆ ಪ್ರಶಸ್ತಿ ಚಿತ್ರದ ನಿದ್ದೆಯ ವಿಚಾರ. ನಿದ್ದೆ ಬಂದದ್ದಕ್ಕೆ ನಿಮ್ಮ ಮನೆಯವರ ತಪ್ಪಿಲ್ಲ, ಬಹುಶಃ ಚಿತ್ರದ್ದೂ ಇಲ್ಲ. ವಾರವಿಡೀ ದುಡಿದು, ಊಟ ಮಾಡಿ, ರಾತ್ರಿ ಹತ್ತಕ್ಕೆ ದೀಪ ಆರಿಸಿ ಕೂತರೆ ನಿಧಾನದ ಸಿನಿಮಾ ತೊಟ್ಟಿಲಿನಂತೆ ತೂಗದೆ ಇನ್ನೇನು ಮಾಡೀತು? ಅದಕ್ಕೆ ಸರಿಯಾದ ಹೊತ್ತು ಭಾನುವಾರ ಮಧ್ಯಾಹ್ನ. ದೂರದರ್ಶನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿದ್ದುದೂ ಭಾನುವಾರ ಮಧ್ಯಾಹ್ನವೇ. ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲದ ಎಷ್ಟೋ ಚಿತ್ರಗಳನ್ನು ಈ ನಾಡಿನ ಜನ ಮೊದಲು ನೋಡಿದ್ದು ಚಾಪೆಯ ಮೇಲೆ ಕೂತು, ಮನೆಯಲ್ಲೇ. ಅವನ್ನು ಮನೆಗೆ ತರಲು ಹಿಂಜರಿಯಬೇಕಿಲ್ಲ. ಶುರು ಯಾವುದರಿಂದ ಎಂಬುದಷ್ಟೇ ಪ್ರಶ್ನೆ.

ಸಾಗರದವರಿಗೆ ನಾನು ಹೇಳುವುದು ‘ದ್ವೀಪ’. ನಿಮ್ಮೂರಿನಲ್ಲೇ ಇದ್ದು, ಮುಳುಗಡೆಯ ಜನರ ಬದುಕನ್ನು ಬರೆಯುತ್ತ ಬಂದ ನಾ. ಡಿಸೋಜ ಅವರ ಕಾದಂಬರಿ. ಗಿರೀಶ್ ಕಾಸರವಳ್ಳಿ ನಿರ್ದೇಶನ. ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ಚಿತ್ರ. ದೇಶದ ಅತ್ಯುತ್ತಮ ಚಿತ್ರಕ್ಕೆ ಸಿಗುವ ಸ್ವರ್ಣಕಮಲವನ್ನು 2001ರ ಸಾಲಿನಲ್ಲಿ ಪಡೆಯಿತು. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರಿನವರೆಲ್ಲ ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ. ಗುಡ್ಡದ ಮೇಲೆ ಉಳಿದಿರುವುದು ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್, ಗಣಪನಾಗಿ ಅವಿನಾಶ್, ನಾಗಿಯಾಗಿ ಸೌಂದರ್ಯ. ಅಷ್ಟು ಹೊತ್ತಿಗೆ ತೆಲುಗು, ಕನ್ನಡದಲ್ಲಿ ದೊಡ್ಡ ತಾರೆಯಾಗಿದ್ದ ಆಕೆ ಇಲ್ಲಿ ಕೆಸರಿನಲ್ಲಿ ಕಾಲೂರಿ ನಿಂತಿದ್ದಾರೆ. ಇದಾಗಿ ಕೆಲವೇ ವರ್ಷದಲ್ಲಿ, 2004ರಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು ಎಂಬುದು ನೆನಪಾದರೆ ಹೊಟ್ಟೆ ಕಿವುಚುತ್ತದೆ.

ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಮಳೆಯನ್ನು ಅವರು ಹಿಡಿದಿರುವ ರೀತಿ ನೋಡಿ. ಸಿನಿಮಾಗಳಲ್ಲಿ ಮಳೆ ಬಂದರೆ ಸಾಮಾನ್ಯವಾಗಿ ಹಾಡು ಬರುತ್ತದೆ. ಇಲ್ಲಿ ಮಳೆ ಬಂದರೆ ನೀರು ಇನ್ನೊಂದು ಮೆಟ್ಟಿಲು ಏರಿತೇ ಎಂದು ನೋಡಬೇಕು. ಒದ್ದೆ ಮಣ್ಣು, ಹಸಿರಿನೊಳಗಿನ ಕತ್ತಲು, ಸೋರುವ ಮಾಡು. ನಿಮಗೆ ಇದು ತೆರೆಯ ಮೇಲಿನ ಚೆಂದವಾಗಿ ಕಾಣುವುದಿಲ್ಲ, ಗೊತ್ತಿರುವ ಮಳೆಗಾಲವಾಗಿ ಕಾಣುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಜಾಗ ಬಿಟ್ಟು ಎದ್ದು ಬಂದವರ ಮನೆಗಳು ನಿಮ್ಮ ತಾಲ್ಲೂಕಿನಲ್ಲಿ ಎಷ್ಟಿವೆಯೋ. ಮಾವನವರಿಗೆ ಅವರಲ್ಲಿ ಹಲವರ ಪರಿಚಯವಿದ್ದೇ ಇರುತ್ತದೆ. ಸಿನಿಮಾ ನಡುವೆ ಅವರು ಏನಾದರೂ ಹೇಳಲು ಶುರು ಮಾಡಿದರೆ ದಯವಿಟ್ಟು ಪಾಸ್ ಒತ್ತಿ. ಅವರು ಹೇಳಿ ಮುಗಿಸಲಿ, ಆಮೇಲೆ ಮುಂದುವರಿಸಿ. ಥಿಯೇಟರಿನಲ್ಲಿ ಇದು ಸಾಧ್ಯವಿಲ್ಲ. ಮೊಮ್ಮಗಳು ಅಜ್ಜನ ಬಾಯಲ್ಲಿ ಮುಳುಗಡೆಯ ಕಥೆ ಕೇಳಿಸಿಕೊಂಡರೆ, ಸಿನಿಮಾ ಅವತ್ತು ಅರ್ಧಕ್ಕೇ ನಿಂತರೂ ನನಗೆ ಸಂತೋಷ.

ಕಾಸರವಳ್ಳಿಯವರದೇ ‘ಗುಲಾಬಿ ಟಾಕೀಸ್’ (2008) ಇನ್ನೊಂದು ಭಾನುವಾರಕ್ಕೆ. ಮನೆಯಲ್ಲಿ ಕೂತು ಸಿನಿಮಾ ನೋಡುವವರು ನೋಡಲೇಬೇಕಾದ ಚಿತ್ರವೆಂದು ನಾನು ಎಲ್ಲರಿಗೂ ಹೇಳುವುದು ಇದನ್ನೇ, ಏಕೆಂದರೆ ಇದು ಮನೆಯಲ್ಲಿ ಕೂತು ಸಿನಿಮಾ ನೋಡುವುದರ ಬಗ್ಗೆಯೇ ಇದೆ. ವೈದೇಹಿಯವರ ಕಥೆಯ ಎಳೆ ಹಿಡಿದು ಕಾಸರವಳ್ಳಿ ಬಹಳ ದೂರ ಹೋಗಿದ್ದಾರೆ. ಕುಂದಾಪುರ ಕಡೆಯ ಮೀನುಗಾರರ ಕೇರಿ, 1990ರ ದಶಕದ ಕೊನೆ. ಸೂಲಗಿತ್ತಿ ಗುಲಾಬಿ ಸಿನಿಮಾ ಹುಚ್ಚಿನವಳು. ಗಂಡ ಬಿಟ್ಟುಹೋಗಿದ್ದಾನೆ, ಮಕ್ಕಳಿಲ್ಲ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿ.ವಿ., ಡಿಶ್ ಆಂಟೆನಾ ಸಿಗುತ್ತದೆ. ಅಲ್ಲಿಯವರೆಗೆ ಅವಳ ಮನೆಯ ಹೊಸ್ತಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಮುಸ್ಲಿಮಳ ಮನೆಯೆಂದು ಕೆಲವರು ಹೊರಗೇ ನಿಂತು ಇಣುಕುತ್ತಾರೆ. ಯಾರು ಎಲ್ಲಿ ಕೂತಿದ್ದಾರೆ, ಯಾರು ಎಲ್ಲಿಯವರೆಗೆ ಬಂದಿದ್ದಾರೆ ಎಂಬುದನ್ನೇ ಗಮನಿಸುತ್ತ ಹೋಗಿ. ಊರಿನ ಸಂಬಂಧಗಳೆಲ್ಲ ಅಲ್ಲಿ ಕಾಣುತ್ತವೆ. ಹೊರಗೆ ಸಣ್ಣ ದೋಣಿಯವರಿಗೂ ಯಾಂತ್ರಿಕ ದೋಣಿಯವರಿಗೂ ತಿಕ್ಕಾಟ, ಟಿ.ವಿ.ಯಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ, ಕೇರಿಯಲ್ಲಿ ಮೆಲ್ಲಗೆ ಏರುವ ಕೋಮು ದ್ವೇಷ. ಇಷ್ಟನ್ನೂ ಹೊತ್ತಿರುವುದು ಉಮಾಶ್ರೀ ಒಬ್ಬರೇ. ಟಿ.ವಿ. ಕಡೆ ನೋಡುವಾಗ ಮಗುವಿನಂತೆ ಅರಳುವ ಆ ಮುಖಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯ. ಮಗಳ ಜೊತೆ ನೋಡಬಹುದು. ನೋಡಿದ ಮೇಲೆ ಅವಳ ಪ್ರಶ್ನೆಗಳಿಗೆ ಉತ್ತರ ಹೇಳಲು ಹೊತ್ತು ಇಟ್ಟುಕೊಳ್ಳಿ.

‘ತಬರನ ಕಥೆ’ಯನ್ನು ಮಾವನವರಿಗೆ ಬಿಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ, 1986ರ ಸಾಲಿನ ಸ್ವರ್ಣಕಮಲ, ತಬರನಾಗಿ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ. ನಿವೃತ್ತ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿದೆ. ಅರ್ಜಿ, ಸಹಿ, ನಾಳೆ ಬಾ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಪ್ರತಿ ದೃಶ್ಯವೂ ಗೊತ್ತಿರುವುದೇ. ಸಂಸಾರ ಸಮೇತ ಕೂತು ನೋಡುವ ಚಿತ್ರವಲ್ಲ ಎಂದಲ್ಲ, ಅದನ್ನು ತಾಳಿಕೊಳ್ಳುವ ಮನಸ್ಸು ಅವತ್ತು ಇರಬೇಕು.

ಯಜಮಾನರಿಗೆಂದು ‘ನಿಷ್ಕರ್ಷ’ (1993). ‘ಬೆಳದಿಂಗಳ ಬಾಲೆ’ಯ ದೇಸಾಯಿಯವರದೇ. ಮಣಿಪಾಲದಲ್ಲಿ ಬ್ಯಾಂಕ್ ದರೋಡೆ, ಒಳಗೆ ಸಿಕ್ಕಿಬಿದ್ದ ಜನ, ವಿಷ್ಣುವರ್ಧನ್, ಅನಂತ್ ನಾಗ್. ಹಾಡುಗಳಿಲ್ಲ. ಅತ್ತೆ ಮಲಗಿದ ಮೇಲೆ ಹಾಕಿ. ‘ತಿಥಿ’ಯನ್ನೂ ನೀವಿಬ್ಬರೇ ನೋಡಿ: ಮಂಡ್ಯ ಕಡೆಯ ಹಳ್ಳಿ, ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡಿಕೊಂಡರು ಎಂಬುದು ಕಥೆ. ನಟಿಸಿದವರು ಆ ಕಡೆಯ ಹಳ್ಳಿಯ ಜನರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ರಾಮ್ ರೆಡ್ಡಿ ಅವರ ಈ ಚಿತ್ರದಲ್ಲಿ ಬೈಗುಳ ಧಾರಾಳ, ಆದ್ದರಿಂದ ಮಗಳ ಸರದಿ ಇನ್ನೂ ಕೆಲವು ವರ್ಷ ತಡೆಯಲಿ.

ಹೊಸ ಟಿ.ವಿ. ಎಂದಿರಿ. ಅಂಗಡಿಯಲ್ಲಿ 'ಎದ್ದು ಕಾಣಲಿ' ಎಂದು ಇಟ್ಟಿದ್ದ ಸೆಟ್ಟಿಂಗ್‌ನಲ್ಲೇ ಅದು ಓಡುತ್ತಿರುವ ಸಾಧ್ಯತೆ ಹೆಚ್ಚು. ಪಿಕ್ಚರ್ ಮೋಡ್ ‘ವಿವಿಡ್’ ಅಥವಾ ‘ಡೈನಾಮಿಕ್’ ಎಂದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ಗೆ ಬದಲಿಸಿ. ಮೊದಲ ಐದು ನಿಮಿಷ ಮಂಕಾಗಿ ಕಾಣುತ್ತದೆ, ಆಮೇಲೆ ಚರ್ಮ ಚರ್ಮದ ಬಣ್ಣಕ್ಕೇ ಬರುತ್ತದೆ. ಎರಡನೆಯದು ಮೋಷನ್ ಸ್ಮೂದಿಂಗ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ‘ಮೋಷನ್’ ಎಂಬ ಮಾತು ಎಲ್ಲಿದೆಯೋ ನೋಡಿ ಆಫ್ ಮಾಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಟಿ.ವಿ. ತಾನೇ ನಡುವೆ ಚೌಕಟ್ಟುಗಳನ್ನು ಸೃಷ್ಟಿಸಿ ತುಂಬುವುದರಿಂದ ಒಳ್ಳೆಯ ಸಿನಿಮಾವೂ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ.

ಮೂರನೆಯದು ಬಹಳ ಮುಖ್ಯ. ಹಳೆಯ ಚಿತ್ರಗಳಲ್ಲಿ ಎಷ್ಟೋ ಈಗಿನ ಟಿ.ವಿ.ಗಿಂತ ಚೌಕಾಕಾರ. ಅವನ್ನು ಹಾಕಿದಾಗ ಎರಡೂ ಬದಿ ಕಪ್ಪು ಪಟ್ಟಿ ಬರಬೇಕು, ಬರಲಿ. ಪಟ್ಟಿ ಬೇಡವೆಂದು ಎಳೆದು ಹಿಗ್ಗಿಸಿದರೆ ಕಲ್ಪನಾ ಮುಖವೂ ಅಗಲ, ರಾಜ್‌ಕುಮಾರ್ ಕುಳ್ಳ. ಅಪ್‌ಲೋಡ್ ಮಾಡಿದವರೇ ಹಿಗ್ಗಿಸಿದ್ದರೆ, ಅಥವಾ ಮೇಲೆ ಕೆಳಗೆ ಕತ್ತರಿಸಿದ್ದರೆ, ಅದನ್ನು ಬಿಟ್ಟು ಬೇರೆ ಪ್ರತಿ ಹುಡುಕಿ. ಮಾವನವರಿಗಾಗಿ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತನ್ನು ಎತ್ತಿ ಕೊಡುವ ‘ಕ್ಲಿಯರ್ ವಾಯ್ಸ್’ ಥರದ್ದು ಇದ್ದರೆ ಹಾಕಿ. ದನಿ ಏರಿಸುತ್ತಲೇ ಹೋದರೆ ಸಂಗೀತ ಹೆಚ್ಚುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ. ಅವರನ್ನು ಟಿ.ವಿ.ಗೆ ಹತ್ತಿರದ ಕುರ್ಚಿಯಲ್ಲಿ ಕೂರಿಸಿ. ಬ್ಲೂಟೂತ್ ಹೆಡ್‌ಫೋನ್ ಬೇಡವೆಂದೇ ನನ್ನ ಸಲಹೆ, ಅದು ಹಾಕಿಕೊಂಡರೆ ಅವರೊಬ್ಬರೇ ಬೇರೆ ಕೂತ ಹಾಗೆ.

ಹುಡುಕಿದ್ದು ಸಿಗದಿದ್ದರೆ ಗಾಬರಿಯಾಗಬೇಡಿ. ಪ್ರಸಾರದ ಹಕ್ಕು ಅವಧಿಗೆ ಕಟ್ಟುಬಿದ್ದದ್ದು. ಇವತ್ತು ಒಂದು ಆ್ಯಪ್‌ನಲ್ಲಿದ್ದದ್ದು ಮುಂದಿನ ವರ್ಷ ಇನ್ನೊಂದರಲ್ಲಿರುತ್ತದೆ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಕಾಗುಣಿತ ಒಂದೆರಡು ಥರ ಬದಲಿಸಿ ಒಮ್ಮೆ, ನಿರ್ದೇಶಕರ ಹೆಸರಿನಲ್ಲಿ ಒಮ್ಮೆ ಹುಡುಕಿ. ನಿರ್ಮಾಪಕರೋ ಹಕ್ಕು ಪಡೆದ ಸಂಸ್ಥೆಯೋ ಯೂಟ್ಯೂಬಿಗೆ ಹಾಕಿದ ಪ್ರತಿ ಇದ್ದರೆ ಅದನ್ನೇ ನೋಡಿ.

ಮಗಳ ಕಪ್ಪು-ಬಿಳುಪಿನ ತಕರಾರಿಗೆ ಅವಸರ ಬೇಡ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ಬಿಡುಗಡೆಯಾದವು. ಅವಳನ್ನು ಕೂರಿಸಲು ಬಣ್ಣದ ‘ಕಸ್ತೂರಿ ನಿವಾಸ’ ಹಾಕಬಹುದು; ಕೊಡುವುದನ್ನಷ್ಟೇ ಬಲ್ಲ ಬೆಂಕಿಪೊಟ್ಟಣದ ಫ್ಯಾಕ್ಟರಿಯ ಮಾಲೀಕನ ಕಥೆಗೆ ಬಣ್ಣದ ಹಂಗಿಲ್ಲ. ಆದರೂ ನನ್ನ ಮನಸ್ಸು ಮೂಲದ ಕಡೆಗೇ. ಕಪ್ಪು-ಬಿಳುಪಿಗೆಂದು ಬೆಳಕು ಜೋಡಿಸಿದ ಮುಖದಲ್ಲಿ ಒಂದು ಕೆನ್ನೆ ನೆರಳಿನಲ್ಲಿ, ಒಂದು ಕಣ್ಣು ಬೆಳಕಿನಲ್ಲಿ ಇರುತ್ತದೆ, ಬಣ್ಣ ಬಳಿದಾಗ ಆ ನೆರಳಿನ ಕೆಲಸವೇ ಹೋಗುತ್ತದೆ. ಬಣ್ಣದಲ್ಲಿ ನೋಡಿದ ಮೇಲೆ ಅದೇ ಚಿತ್ರದ ಕೊನೆಯ ಪಾರಿವಾಳದ ಭಾಗವನ್ನಷ್ಟೇ ಕಪ್ಪು-ಬಿಳುಪಿನಲ್ಲಿ ತೋರಿಸಿ, ಯಾವುದು ಹಿಡಿಸಿತೆಂದು ಅವಳನ್ನೇ ಕೇಳಿ.

ಅವಳಿಂದ ಸದ್ಯಕ್ಕೆ ದೂರ ಇಡಬೇಕಾದ ಕಪ್ಪು-ಬಿಳುಪು ಚಿತ್ರವೆಂದರೆ ‘ಘಟಶ್ರಾದ್ಧ’. 1977ರಲ್ಲಿ ಕಾಸರವಳ್ಳಿಯವರ ಮೊದಲ ಚಿತ್ರವಾಗಿ ಬಂದು ಸ್ವರ್ಣಕಮಲ ಗೆದ್ದದ್ದು, ಯು.ಆರ್. ಅನಂತಮೂರ್ತಿಯವರ ಕಥೆ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಅಗ್ರಹಾರದ ಬಾಲವಿಧವೆ ಯಮುನಕ್ಕ ಬಸಿರಾಗಿದ್ದಾಳೆ. ಅವಳಿಗೆ ಆಗುವುದನ್ನೆಲ್ಲ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ನೋಡುತ್ತೇವೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಮಸುಕು ಪ್ರತಿಯಲ್ಲಿ ನೋಡಿ ಮುಗಿಸಿಬಿಡಬೇಡಿ, ಈ ಹೊಸ ಪ್ರತಿ ಎಲ್ಲಿಯಾದರೂ ಪ್ರದರ್ಶನವಾದರೆ ಬೆಂಗಳೂರಿಗಾದರೂ ಹೋಗಿ ನೋಡಿಬನ್ನಿ. ಮಗಳಿಗೆ ತೋರಿಸುವುದು ಅವಳು ಕಾಲೇಜು ಸೇರಿದ ಮೇಲೆ, ಅದಕ್ಕೂ ಮುಂಚೆ ನೀವು ಒಬ್ಬರೇ ಒಮ್ಮೆ ನೋಡಿದ ನಂತರ.